ಎಲ್‌ಎಂ-ಸೆನ್ಸರ್ಸ್: ಓದುವುದರಲ್ಲಿ ಗಟ್ಟಿ, ಹೆಸರು ಹೇಳುವುದರಲ್ಲಿ ಎಡವಟ್ಟು

ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿದ ಪಿಸಿಗೆ ಉಬುಂಟು ಹಾಕಿಕೊಂಡವರಿಗೆ ಏಪ್ರಿಲ್ ಸೆಕೆ ಶುರುವಾದರೆ ಬೋರ್ಡಿನ ಬಿಸಿ ಎಷ್ಟಿದೆ ಎಂಬ ಚಿಂತೆಯೂ ಶುರು. ಲಿನಕ್ಸ್‌ನಲ್ಲಿ ಇದಕ್ಕಿರುವ, ಬಿಸಿಯ ಜೊತೆಗೆ ಫ್ಯಾನ್ ವೇಗ, ವೋಲ್ಟೇಜ್ ಕೂಡ ಓದುವ ಹಳೆಯ ಹುಲಿ ಎಲ್‌ಎಂ-ಸೆನ್ಸರ್ಸ್. ಪುಕ್ಕಟೆ, ಹಗುರ, ಮೆಮೊರಿ ತಿನ್ನುವುದಿಲ್ಲ. ಆದರೆ ಹಾಕಿದ ಕೂಡಲೇ ತೋರಿಸುವ ಅಂಕಿಗಳನ್ನೆಲ್ಲ ನಂಬಿದರೆ ಕೆಟ್ಟಿರಿ. ಬೋರ್ಡಿನ ಮೇಲೆ ಇವನ್ನು ಅಳೆಯುವ ಚಿಪ್ಪಿನ ಯಾವ ಪಿನ್ನಿಗೆ ಬೋರ್ಡ್ ಕಂಪನಿ ಏನು ಜೋಡಿಸಿದೆ ಎಂಬುದು ಎಲ್‌ಎಂ-ಸೆನ್ಸರ್ಸ್‌ಗೆ ಗೊತ್ತಿರುವುದಿಲ್ಲ, ನಾವೇ ಹೇಳಿಕೊಡಬೇಕು.

ಹಾಕುವುದು ಸುಲಭ. ಆಪ್ಟ್‌ನಲ್ಲಿ (ಉಬುಂಟುವಿನ ಇನ್‌ಸ್ಟಾಲ್ ಕಮಾಂಡ್) ಪ್ಯಾಕೇಜ್ ಇಳಿಸಿ, ಸುಡೋ (ಅಡ್ಮಿನ್ ಅಧಿಕಾರ) ಕೊಟ್ಟು ಸೆನ್ಸರ್ಸ್-ಡಿಟೆಕ್ಟ್ ಓಡಿಸಿದರೆ ಸಾಲಾಗಿ ಪ್ರಶ್ನೆ ಕೇಳುತ್ತದೆ. ಎಲ್ಲದಕ್ಕೂ ಎಂಟರ್ ಒತ್ತಿಕೊಂಡು ಹೋಗಬಹುದು, ಕೊನೆಯದೊಂದನ್ನು ಬಿಟ್ಟು. ಸಿಕ್ಕ ಡ್ರೈವರುಗಳನ್ನು ಮಾಡ್ಯೂಲ್ಸ್ ಫೈಲಿಗೆ (ಬೂಟ್ ಆಗುವಾಗ ಲೋಡ್ ಆಗಬೇಕಾದವುಗಳ ಪಟ್ಟಿ) ಸೇರಿಸಲೇ ಎಂಬ ಆ ಪ್ರಶ್ನೆಗೆ ಡೀಫಾಲ್ಟ್ ಉತ್ತರ 'ನೋ'. ಅಲ್ಲಿ 'ಯೆಸ್' ಎಂದು ಪೂರ್ತಿ ಟೈಪ್ ಮಾಡಬೇಕು. ಮಾಡದಿದ್ದರೆ ರೀಬೂಟ್ ಆದ ಮೇಲೆ ಪ್ರೊಸೆಸರ್ ಟೆಂಪರೇಚರ್ ಮಾತ್ರ ಉಳಿದು ಫ್ಯಾನ್, ವೋಲ್ಟೇಜ್ ಎರಡೂ ಮಾಯ. 'ನಿನ್ನೆ ಬರುತ್ತಿತ್ತು, ಇವತ್ತು ಇಲ್ಲ' ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ. ಪ್ರೊಸೆಸರ್ ಡ್ರೈವರುಗಳು (ಇಂಟೆಲ್‌ಗೆ ಕೋರ್‌ಟೆಂಪ್, ಎಎಂಡಿಗೆ ಕೆ10ಟೆಂಪ್) ತಾವಾಗಿಯೇ ಲೋಡ್ ಆಗುತ್ತವೆ, ಬೋರ್ಡಿನ ಚಿಪ್ ಡ್ರೈವರಿಗೆ ಆ ಭಾಗ್ಯವಿಲ್ಲ.

ಚಿಪ್ ಯಾವುದು ಎಂಬುದರ ಮೇಲೆ ಮುಂದಿನ ಅದೃಷ್ಟ ನಿಂತಿದೆ. ಆಸುಸ್, ಆಸ್‌ರಾಕ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ನುವೋಟಾನ್ ಕಂಪನಿಯ ಚಿಪ್ ಇರುತ್ತದೆ. ಎನ್‌ಸಿಟಿ6775 ಡ್ರೈವರ್ ಒಂದೇ ಆ ಕುಟುಂಬದ ಬಹುಪಾಲನ್ನು ನೋಡಿಕೊಳ್ಳುತ್ತದೆ. ಗಿಗಾಬೈಟ್‌ನಲ್ಲಿ ಐಟಿಇ ಚಿಪ್. ಅದರ ಹೊಸ ಮಾದರಿಗಳಲ್ಲಿ ಹಲವಕ್ಕೆ ಕರ್ನಲ್‌ನ (ಲಿನಕ್ಸ್‌ನ ತಿರುಳು) ಐಟಿ87 ಡ್ರೈವರ್ ಸಾಲದು, ಹೊರಗಿನಿಂದ ಡಿಕೆಎಂಎಸ್ (ಕರ್ನಲ್ ಬದಲಾದಾಗ ಡ್ರೈವರನ್ನು ಮತ್ತೆ ಕಟ್ಟಿಕೊಡುವ ವ್ಯವಸ್ಥೆ) ಮೂಲಕ ಹಾಕಬೇಕು. ಸೆಕ್ಯೂರ್ ಬೂಟ್ ಆನ್ ಇದ್ದು ಮಾಡ್ಯೂಲಿಗೆ ಸಹಿ ಇಲ್ಲದಿದ್ದರೆ ಅದೂ ಲೋಡ್ ಆಗದು. ಡಿಮೆಸೇಜ್‌ನಲ್ಲಿ (ಕರ್ನಲ್ ಸಂದೇಶಗಳ ಪಟ್ಟಿ) ಎಸಿಪಿಐ ರಿಸೋರ್ಸ್ ಕಾನ್‌ಫ್ಲಿಕ್ಟ್ ಎಂದು ಬಂದರೆ, ಬಯಾಸ್ ಆ ಚಿಪ್ಪನ್ನು ತನ್ನದೆಂದು ಹಿಡಿದುಕೊಂಡಿದೆ ಎಂದರ್ಥ. ಗ್ರಬ್‌ನಲ್ಲಿ (ಬೂಟ್ ಲೋಡರ್) ಎಸಿಪಿಐ ಎನ್‌ಫೋರ್ಸ್ ರಿಸೋರ್ಸಸ್ ಅನ್ನು 'ಲ್ಯಾಕ್ಸ್' ಮಾಡಿದರೆ ಓದಲು ಬಿಡುತ್ತದೆ. ಆದರೆ ಒಂದೇ ರಿಜಿಸ್ಟರಿಗೆ ಇಬ್ಬರು ಕೈ ಹಾಕಿದಂತಾಗಿ ತಪ್ಪು ಅಂಕಿ ಬರುವ ಅಪಾಯವಿದೆ. ಆಸುಸ್‌ನ ಅನೇಕ ಬೋರ್ಡುಗಳಿಗೆ ಕರ್ನಲ್ 5.17ರಿಂದ ಈ ಸರ್ಕಸ್ ಬೇಡ.

ಇನ್ನು ಅಸಲಿ ಕೆಲಸ. ಸೆನ್ಸರ್ಸ್ ಎಂದು ಕೊಟ್ಟಾಗ ಆಕ್ಸ್‌ಟಿನ್ (ಹೆಚ್ಚುವರಿ ಟೆಂಪರೇಚರ್ ಪಿನ್) ಎಂಬ ಸಾಲಿನಲ್ಲಿ ಮೈನಸ್ 62 ಡಿಗ್ರಿಯೋ 127 ಡಿಗ್ರಿಯೋ ಕಂಡರೆ ಗಾಬರಿ ಬೇಡ, ಆ ಪಿನ್ನಿಗೆ ಏನನ್ನೂ ಜೋಡಿಸಿಲ್ಲ. ಸುಲಭದ ಪರೀಕ್ಷೆ: ರಾತ್ರಿಯಿಡೀ ಆಫ್ ಇದ್ದ ಮಷೀನನ್ನು ಬೆಳಿಗ್ಗೆ ಆನ್ ಮಾಡಿದ ತಕ್ಷಣ ಬೋರ್ಡಿನ ಸೆನ್ಸರ್ ಕೋಣೆಯ ಉಷ್ಣಾಂಶದ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ತೀರಾ ಕೆಳಗಿದ್ದರೆ ಆ ಸಾಲು ಹುಸಿ.

ವೋಲ್ಟೇಜ್ ವಿಷಯ ಇನ್ನೂ ಸ್ವಾರಸ್ಯದ್ದು. ನುವೋಟಾನ್ ಚಿಪ್ ಪಿನ್ನಿನಲ್ಲಿ ನೇರವಾಗಿ ಅಳೆಯಬಲ್ಲದ್ದು ಸುಮಾರು 2 ವೋಲ್ಟ್‌ವರೆಗೆ ಮಾತ್ರ. ಹಾಗಾಗಿ 12 ವೋಲ್ಟ್ ಲೈನನ್ನು ಎರಡು ರೆಸಿಸ್ಟರುಗಳಿಂದ ಇಳಿಸಿ ಕೊಟ್ಟಿರುತ್ತಾರೆ. ಪರದೆಯಲ್ಲಿ 'ಇನ್4: 1.01' ಎಂದು ಕಂಡರೆ ಅದನ್ನು 12ರಿಂದ ಗುಣಿಸಬೇಕಾಗಬಹುದು. ಅದಕ್ಕೆ ಕಾನ್ಫಿಗರೇಶನ್ ಫೈಲಿನಲ್ಲಿ 'ಕಂಪ್ಯೂಟ್ ಇನ್4 @*12, @/12' ಎಂಬ ಸಾಲು (@ ಎಂದರೆ ಚಿಪ್ ಓದಿದ ಅಂಕಿ). ಯಾವ ಪಿನ್, ಎಷ್ಟರ ಗುಣಕ ಎಂಬುದು ಬೋರ್ಡಿನಿಂದ ಬೋರ್ಡಿಗೆ ಬೇರೆ. ಬಯಾಸ್‌ನ ಹಾರ್ಡ್‌ವೇರ್ ಮಾನಿಟರ್ ಪುಟದೊಂದಿಗೆ ತಾಳೆ ನೋಡಿ. ಮಲ್ಟಿಮೀಟರ್ ಇದ್ದರೆ ಇನ್ನೂ ವಾಸಿ: ಮೊಲೆಕ್ಸ್ ಕನೆಕ್ಟರಿನ ಹಳದಿ ತಂತಿ 12, ಕೆಂಪು 5, ಕಪ್ಪು ಗ್ರೌಂಡ್. ಎಟಿಎಕ್ಸ್ ಮಾನದಂಡದ ಪ್ರಕಾರ 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗಿರಬೇಕು. ಚಿಪ್ಪಿನ ಅಳತೆಯ ಒಂದು ಮೆಟ್ಟಿಲು 8 ಮಿಲಿವೋಲ್ಟ್. 12ರಿಂದ ಗುಣಿಸಿದರೆ ಸುಮಾರು 0.1 ವೋಲ್ಟ್. ಆದ್ದರಿಂದ ಅಂಕಿ 12.00 ಮತ್ತು 12.10ರ ನಡುವೆ ಕುಣಿದರೆ ಅದು ಎಸ್‌ಎಂಪಿಎಸ್ (ಪವರ್ ಸಪ್ಲೈ) ದೋಷವಲ್ಲ, ಬೆಸ್ಕಾಂ ಮೇಲೂ ಹಾಕಬೇಡಿ.

ಈ ತಿದ್ದುಪಡಿಗಳನ್ನು ಸೆನ್ಸರ್ಸ್3 ಕಾನ್ಫ್ ಫೈಲಿನಲ್ಲಿ ಬರೆಯಬಾರದು. ಸೆನ್ಸರ್ಸ್ ಡಾಟ್ ಡಿ ಫೋಲ್ಡರಿನಲ್ಲಿ ನಿಮ್ಮದೇ ಫೈಲ್ ಮಾಡಿ: ಮೊದಲು ಚಿಪ್ ಹೆಸರು, ಆಮೇಲೆ ಲೇಬಲ್, ಕಂಪ್ಯೂಟ್, ಬೇಡದ್ದಕ್ಕೆ ಇಗ್ನೋರ್. ಮಿತಿಗಳನ್ನೂ 'ಸೆಟ್' ಮಾಡಿದ್ದರೆ ರೂಟ್ ಆಗಿ ಸೆನ್ಸರ್ಸ್ -ಎಸ್ ಓಡಿಸಿದಾಗಲೇ ಅವು ಚಿಪ್ಪಿಗೆ ಹೋಗುವುದು. ಸಾಟಾ ಡಿಸ್ಕಿನ ಬಿಸಿ ಬೇಕಿದ್ದವರು ಡ್ರೈವ್‌ಟೆಂಪ್ ಮಾಡ್ಯೂಲ್ ಲೋಡ್ ಮಾಡಿಕೊಳ್ಳಿ, ಕರ್ನಲ್ 5.6ರಿಂದ ಇದೆ.

ವಿಂಡೋಸ್‌ನ ಎಚ್‌ಡಬ್ಲ್ಯುಇನ್ಫೋ ಇದಕ್ಕಿಂತ ಮುಂದಿದೆ ಎಂದು ಒಪ್ಪಲೇಬೇಕು. ಅನೇಕ ಬೋರ್ಡುಗಳನ್ನು ಗುರುತಿಸಿ ಲೇಬಲ್ ತಾನೇ ಹಾಕುತ್ತದೆ. ಡ್ಯುಯಲ್ ಬೂಟ್ ಇರುವವರು ಅಲ್ಲಿನ ಅಂಕಿಗಳನ್ನು ನೋಡಿಕೊಂಡು ಇಲ್ಲಿನ ಸಾಲುಗಳನ್ನು ಗುರುತಿಸಿದರೆ ಅರ್ಧ ಶ್ರಮ ಉಳಿಯಿತು.

ಓದುವ ಕೆಲಸಕ್ಕೆ 5ರಲ್ಲಿ 4 ಕೊಡಬಹುದು. ಜೊತೆಗೆ ಸಿಗುವ, ಫ್ಯಾನ್ ವೇಗ ಹಿಡಿತದಲ್ಲಿಡುವ ಫ್ಯಾನ್‌ಕಂಟ್ರೋಲ್‌ಗೆ 2 ಸಾಕು. ಅದನ್ನು ಹೊಂದಿಸಿಕೊಡುವ ಪಿಡಬ್ಲ್ಯುಎಂಕಾನ್ಫಿಗ್ ಪರೀಕ್ಷೆಗೆಂದು ಫ್ಯಾನುಗಳನ್ನು ನಿಲ್ಲಿಸಿ ನೋಡುತ್ತದೆ. ಆಗ ಪಿಸಿಗೆ ಭಾರದ ಕೆಲಸ ಕೊಟ್ಟಿರಬೇಡಿ. ಅದು ಬರೆದಿಡುವ ಫೈಲು ಪ್ರತಿ ಸೆನ್ಸರ್ ಸಾಧನಕ್ಕೆ ಕರ್ನಲ್ ಕೊಡುವ ಹೆಚ್‌ಡಬ್ಲ್ಯುಮಾನ್ 2, 3 ಎಂಬ ಸಂಖ್ಯೆಗಳನ್ನು ನಂಬಿಕೊಂಡಿರುತ್ತದೆ. ಹೊಸ ಎನ್‌ವಿಎಂಇ ಡಿಸ್ಕ್ ಸೇರಿಸಿದರೆ ಆ ಸಂಖ್ಯೆ ಬದಲಾಗಿ, ಕಾನ್ಫಿಗರೇಶನ್ ಹಳೆಯದಾಗಿದೆ ಎಂದು ಸರ್ವಿಸ್ ನಿಂತುಬಿಡಬಹುದು. ಸಿಪಿಯು ಫ್ಯಾನನ್ನು ಬಯಾಸ್‌ನ ಕರ್ವ್‌ಗೇ ಬಿಟ್ಟು, ಕ್ಯಾಬಿನೆಟ್ ಫ್ಯಾನುಗಳಿಗೆ ಮಾತ್ರ ಕೂಲರ್‌ಕಂಟ್ರೋಲ್ ಎಂಬ ಬೇರೆ ಪ್ರೋಗ್ರಾಂ ಹಾಕಿಕೊಳ್ಳುವುದು ಮೇಲು.