ಸೆಣಬು, ಪ್ಲಾಸ್ಟಿಕ್, ಉಣ್ಣೆ, ಜಮಖಾನ: ನಮ್ಮ ಹಾಲ್‌ನಲ್ಲಿ ಮಳೆಗಾಲ ದಾಟಿದ್ದು ಯಾವುದು?

ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿ ನಮ್ಮದು ಹಳೇ ಮನೆ. ಹಾಲ್ 12 ಅಡಿ ಅಗಲ, 16 ಅಡಿ ಉದ್ದ. ರೆಡ್ ಆಕ್ಸೈಡ್ ನೆಲ. ಏಪ್ರಿಲ್‌ನಲ್ಲಿ ಅದರ ಮೇಲೆ ಸುಮ್ನೆ ಮಲಗಿಬಿಡೋಣ ಅನಿಸುತ್ತದೆ. ಜೂನ್ ಕಳೆಯಿತೋ, ಕಾಲಿಟ್ಟರೆ ಕೊರೆಯುತ್ತದೆ. ಅಮ್ಮನಿಗೆ ಮಂಡಿ ನೋವು ಬೇರೆ. ಹಾಲ್‌ಗೊಂದು ಹಾಸು ಬೇಕು ಅಂತ ಶುರುವಾದದ್ದು, ಮೂರು ಮಳೆಗಾಲದಲ್ಲಿ ನಾಲ್ಕು ಹಾಸಾಯಿತು. ರತ್ನಗಂಬಳಿ ಅಂತ ಚೆಂದದ ಹೆಸರಿದೆ. ಅಂಗಡಿಯಲ್ಲಿ ಹಾಗೆ ಕೇಳಿ ನೋಡಿ, ಹುಡುಗರು ಮುಖ ಮುಖ ನೋಡುತ್ತಾರೆ. ಅವರಿಗೆ ಎಲ್ಲಾ ಕಾರ್ಪೆಟ್ಟೇ.

ಮೊದಲು ತಂದದ್ದು ಸೆಣಬಿನದು, 4 ಅಡಿಗೆ 6 ಅಡಿ. ಫೋಟೋದಲ್ಲಿ ಅದನ್ನು ನೋಡಿ ಮರುಳಾದವಳು ನಾನೇ. ಕೆಂಪು ನೆಲದ ಮೇಲೆ ಆ ಗೋಧಿ ಬಣ್ಣ ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತು. ಎರಡನೇ ವಾರ ಅದರ ಮೇಲೆ ಅರ್ಧ ಲೋಟ ಕಾಫಿ ಚೆಲ್ಲಿತು. ಒದ್ದೆ ಬಟ್ಟೆಯಿಂದ ಒರೆಸಿದೆ. ಅದೇ ತಪ್ಪಾಯಿತು. ಸೆಣಬಿಗೆ ನೀರು ತಗುಲಿದರೆ ಅದರದೇ ಬಣ್ಣ ಬಿಟ್ಟುಕೊಂಡು ಕಂದಾಗುತ್ತದೆ. ಅಂಗೈಯಷ್ಟಿದ್ದ ಕಲೆ ಒಣಗುವ ಹೊತ್ತಿಗೆ ಊಟದ ತಟ್ಟೆಯಷ್ಟಾಗಿತ್ತು. ಜುಲೈನಲ್ಲಿ ಮೂರು ವಾರ ಬಿಸಿಲೇ ಇರಲಿಲ್ಲ. ಒಂದು ದಿನ ಮೂಲೆ ಎತ್ತಿ ನೋಡಿದರೆ ಅಡಿಯಲ್ಲಿ ಬೂದು ಬಣ್ಣದ ಬೂಷ್ಟು, ಹೆಣಿಗೆಯ ಗೆರೆ ಗೆರೆಗೂ ಕೂತಿತ್ತು. ಅಲ್ಲಿಗೆ ಸೆಣಬಿನ ಕಥೆ ಮುಗಿಯಿತು. ಒಣ ಹವೆಯ ಊರಿನವರು ಬೇಕಾದರೆ ಕೊಳ್ಳಲಿ.

ಅದಕ್ಕಿಂತ ದೊಡ್ಡ ತಪ್ಪು ಅಳತೆಯದು. ಟೀಪಾಯಿ ಅಡಿಗೆ ಹಾಕಿದರೆ ಸೋಫಾಕ್ಕೂ ಸಂಬಂಧವಿಲ್ಲ, ಕುರ್ಚಿಗೂ ಇಲ್ಲ. ಸೋಫಾದಲ್ಲಿ ಕೂತವರ ಕಾಲು ಮತ್ತೆ ತಣ್ಣನೆ ನೆಲದ ಮೇಲೆಯೇ. ಮನೆಗೆ ಬಂದ ನಮ್ಮ ದೊಡ್ಡಮ್ಮ, "ಏನೇ ಇದು, ಕಾಲೊರೆಸು ನಡುಮನೆಗೆ ಬಂದಿದೆ?" ಅಂದರು.

ಎರಡನೆಯದು ಮೆಷಿನ್‌ನಲ್ಲಿ ನೇಯ್ದ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ ನೂಲಿನದು, 5 ಅಡಿಗೆ 8. ಇದನ್ನು ಬೈಯುವವರು ಜಾಸ್ತಿ. ನಾನು ಬೈಯುವುದಿಲ್ಲ. ಈ ನೂಲು ನೀರು ಕುಡಿಯುವುದೇ ಇಲ್ಲ, ನೀರಿಗೆ ಹಾಕಿದರೆ ತೇಲುವ ಜಾತಿ. ಕಾಫಿ ಚೆಲ್ಲಿದರೆ ಒರೆಸಿದರಾಯಿತು. ಇಡೀ ಆಗಸ್ಟ್ ಕಳೆದರೂ ಮುಗ್ಗಲು ವಾಸನೆ ಬರಲಿಲ್ಲ. ಆದರೆ ಬೆಂಕಿಗೆ ಮಾತ್ರ ಅಂಜಬೇಕು. ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕರಗುತ್ತದೆ. ಮಳೆಗಾಲದಲ್ಲಿ ಸಂಜೆ ಸಾಂಬ್ರಾಣಿ ಹಾಕುವುದು ನಮ್ಮಲ್ಲಿ ರೂಢಿ. ಒಂದು ದಿನ ಕಡಲೆ ಗಾತ್ರದ ಕೆಂಡ ಸಿಡಿಯಿತು. ಎತ್ತುವಷ್ಟರಲ್ಲಿ ಅಲ್ಲೊಂದು ಕಪ್ಪು ಗುಂಡಿ. ಅದರ ಅಂಚು ಗಟ್ಟಿ ಮಣಿಯ ಹಾಗೆ ಅಂಗಾಲಿಗೆ ಚುಚ್ಚುತ್ತಿತ್ತು. ಇನ್ನೊಂದು ಮಾತು: ಅಮ್ಮನಿಗೆ ಬೇಕಿದ್ದ ಬೆಚ್ಚನೆ ಅದರಲ್ಲಿ ಅಷ್ಟಾಗಿ ಸಿಗಲಿಲ್ಲ.

ಇದು ಜಾರುತ್ತದೆ ಅಂತ ಅಡಿಗೆ ಒಂದು ರಬ್ಬರ್ ಜಾಲರಿ ಹಾಕಿದ್ದೆವು. ಆರು ತಿಂಗಳ ಮೇಲೆ ಎತ್ತಿದರೆ ಆಕ್ಸೈಡ್ ನೆಲದ ಮೇಲೆ ಜಾಲರಿಯ ಅಚ್ಚು, ಜೇನುಗೂಡಿನ ಹಾಗೆ. ಅಜ್ಜನ ಕಾಲದಿಂದ ಉಜ್ಜಿ ಉಜ್ಜಿ ಹೊಳಪು ಬಂದಿದ್ದ ನೆಲ ಅದು. ತೆಂಗಿನೆಣ್ಣೆ ಹಚ್ಚಿ ತಿಕ್ಕಿದೆವು, ಅರ್ಧ ಹೋಯಿತು, ಅರ್ಧ ಉಳಿಯಿತು. ನಿಮ್ಮದೂ ಹಳೇ ನೆಲವಾದರೆ ಮೊದಲು ಒಂದು ತುಂಡನ್ನು ಮೂಲೆಯಲ್ಲಿ ತಿಂಗಳು ಇಟ್ಟು ನೋಡಿ.

ಉಣ್ಣೆಯ ಮೇಲೆ ನನಗೆ ಬಹಳ ಆಸೆಯಿತ್ತು. ಉಣ್ಣೆ ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವ ಹೀರಿಕೊಂಡರೂ ಕೈಗೆ ಒದ್ದೆ ಅನಿಸುವುದಿಲ್ಲ. ಕುರುಬರ ಕರಿಕಂಬಳಿ ಹೊದ್ದು ಮಳೆಯಲ್ಲಿ ಗದ್ದೆಗೆ ಇಳಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಿಡಿ ಬಿದ್ದರೂ ತಾನೇ ಆರುತ್ತದೆ. ಹಾಗಂತ ದುಬಾರಿ ಬೆಲೆ ಕೊಟ್ಟು ದಪ್ಪನೆಯ ಒಂದು ತರಿಸಿದೆವು. ಅಮ್ಮನಿಗೆ ಅದರಷ್ಟು ಹಿಡಿಸಿದ್ದು ಬೇರೊಂದಿಲ್ಲ. ಎಡವಿದ್ದು ಉಣ್ಣೆ ಅಲ್ಲ, ಅದರ ಬೆನ್ನು. ನಮ್ಮದು ಟಫ್ಟೆಡ್. ಅಂದರೆ ನೂಲನ್ನು ಬಟ್ಟೆಗೆ ಚುಚ್ಚಿ, ಹಿಂದೆ ರಬ್ಬರ್ ಹಾಲಿನ ಅಂಟು ಬಳಿದು, ಮೇಲೊಂದು ಬಟ್ಟೆ ಹಚ್ಚಿರುತ್ತಾರೆ. ತೇವಕ್ಕೆ ಆ ಅಂಟು ವಾಸನೆ ಹೊಡೆಯಿತು. ವರ್ಷ ತುಂಬುವುದರೊಳಗೆ ನೆಲದ ಮೇಲೆ ಹಳದಿ ಪುಡಿ ಉದುರತೊಡಗಿತು. ಕೊಳ್ಳುವಾಗ ತಿರುವಿ ನೋಡಿ. ಮುಂದಿನ ಚಿತ್ತಾರ ಹಿಂದೆಯೂ ಗಂಟು ಗಂಟಾಗಿ ಕಂಡರೆ ಕೈಯಿಂದ ಗಂಟು ಹಾಕಿದ್ದು. ಹಿಂದೆ ಬರೀ ಬಟ್ಟೆ ಅಂಟಿಸಿದ್ದರೆ ನಮ್ಮ ಜಾತಿಯದು. ನಾನು ತಿರುವಿಯೇ ನೋಡಿರಲಿಲ್ಲ. ದಪ್ಪ ಇನ್ನೊಂದು ಪೀಕಲಾಟ. ಮುಂಬಾಗಿಲು ತೆರೆದರೆ ಅದರ ಅಂಚಿಗೆ ಉಜ್ಜಿ ನಿಲ್ಲುತ್ತಿತ್ತು. ಬಾಗಿಲಿಗೂ ನೆಲಕ್ಕೂ ಅರ್ಧ ಇಂಚೇ ಸಂದು, ಯಾರು ಅಳೆಯುತ್ತಾರೆ ಅಲ್ವಾ?

ಕೊನೆಗೆ ಬಂದದ್ದು ನವಲಗುಂದದ ಜಮಖಾನ, 6 ಅಡಿಗೆ 9. ಧಾರವಾಡ ಜಿಲ್ಲೆಯದು, ಪೂರಾ ಹತ್ತಿ, ಜಿಐ ಗುರುತು (ಇದು ಇಂಥ ಊರಿನದೇ ಅನ್ನುವ ಸರ್ಕಾರಿ ಮಾನ್ಯತೆ) ಸಿಕ್ಕಿದ ಕಸುಬು. ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹೆಂಗಸರೇ ನೇಯುತ್ತಾರೆ. ನಮ್ಮದರಲ್ಲಿ ನಡುವೆ ಪಗಡೆ ಹಾಸಿನ ಚಿತ್ತಾರ, ಅಂಚಿಗೆ ನವಿಲು. ಜಮಖಾನ ಅಂದರೆ ಮದುವೆ ಮನೆಯ ಸಾಮಾನು ಅಂತ ಯಜಮಾನರು ಮೂಗು ಮುರಿದಿದ್ದರು. ಹಾಸಿದ ಮೇಲೆ ಸುಮ್ಮನಾದರು.

ಹತ್ತಿಯೂ ತೇವ ಹಿಡಿಯುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಇದಕ್ಕೆ ಅಂಟೂ ಇಲ್ಲ, ಬೆನ್ನೂ ಇಲ್ಲ, ಎರಡೂ ಕಡೆ ಒಂದೇ. ಸುತ್ತಿ ಹೆಗಲ ಮೇಲೆ ಹೊತ್ತು ಹೋಗಬಹುದು. ಮಳೆಗಾಲದಲ್ಲಿ ಭಾನುವಾರ ಎತ್ತಿ ಅಟ್ಟದ ಗಳುವಿಗೆ ಹಾಕಿ, ಸಂಜೆ ಮಗುಚಿ ಹಾಸುತ್ತೇವೆ. ಎರಡು ಮಳೆಗಾಲದ ಹಿಂದೆ ಸೆಣಬನ್ನು ಹೀಗೆ ಎತ್ತಿದ್ದರೆ ಅದೂ ಉಳಿಯುತ್ತಿತ್ತೋ ಏನೋ. ಒಗೆಯುವುದು ಮಾತ್ರ ಮಾರ್ಚ್‌ನಲ್ಲಿ. ಜುಲೈನಲ್ಲಿ ಒಗೆದರೆ ಐದು ದಿನವಾದರೂ ಒಣಗುವುದಿಲ್ಲ. ಉಣ್ಣೆಯಷ್ಟು ಬೆಚ್ಚಗಿಲ್ಲ, ತೆಳು. ಟೀಪಾಯಿ ಎಳೆದರೆ ನಿರಿಗೆ ಬೀಳುತ್ತದೆ, ಮಕ್ಕಳು ಓಡಿದರೆ ಜಾರುತ್ತದೆ. ರಬ್ಬರ್ ಜಾಲರಿಯ ಸಹವಾಸ ಬೇಡ ಅಂತ ಸೋಫಾದ ಕಾಲಿನ ಭಾರದಲ್ಲೇ ಹಿಡಿದು ನಿಲ್ಲಿಸಿದ್ದೇವೆ.

ಆ ಕಾಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಸಲ ಕೊಳ್ಳುವ ಮೊದಲು ಹಳೇ ಪೇಪರ್ ಹಾಳೆ ಹಾಸಿ ನೋಡಿದೆ. 6ಕ್ಕೆ 9ಕ್ಕೆ ಹದಿನೈದು ಹಾಳೆ ಬೇಕಾದವು. ನಮ್ಮ ಸೋಫಾ 7 ಅಡಿ, ಆದ್ದರಿಂದ ಎರಡೂ ಕಡೆ ಒಂದೊಂದು ಅಡಿ ಹಾಸು ಹೊರಗೆ ಕಾಣುತ್ತದೆ. ಅಡ್ಡಕ್ಕೆ ಲೆಕ್ಕ ಹೀಗೆ: ಸೋಫಾದ ಅಡಿಗೆ 8 ಇಂಚು, ಮಂಡಿ ಆಡಲು 16, ಟೀಪಾಯಿ 24, ಆ ಕಡೆ ಮತ್ತೆ 16, ಎದುರು ಕುರ್ಚಿಗಳ ಮುಂಗಾಲಿಗೆ 8. ಒಟ್ಟು 72 ಇಂಚು, ಸರಿಯಾಗಿ 6 ಅಡಿ. 5 ಅಡಿಯದರಲ್ಲಿ ಕುರ್ಚಿಗಳು ಯಾಕೆ ಸದಾ ಹೊರಗೆ ಉಳಿದಿದ್ದವು ಅನ್ನುವುದು ಆಗ ಹೊಳೆಯಿತು. 12 ಇಂಚು ಸಾಲದೆ ಬಂದಿತ್ತು, ಅಷ್ಟೆ.

ನಾಲ್ಕೂ ಕಾಲು ಹಾಸಿನ ಮೇಲೆ ಬರುವ ಹಾಗೆಯೂ ಒಂದು ತಿಂಗಳು ಇಟ್ಟು ನೋಡಿದೆ. ಹಾಲ್ ದೊಡ್ಡದಾಗಿ ಕಂಡಿತು, ನಿಜ. ಆದರೆ ಭಾನುವಾರ ಎತ್ತಬೇಕೆಂದರೆ ಇಡೀ ಸೋಫಾ ಸರಿಸಬೇಕು. ಎರಡು ವಾರ ಮಾಡಿದೆವು, ಮೂರನೇ ವಾರ ಕೈಬಿಟ್ಟೆವು, ನಾಲ್ಕನೇ ವಾರ ವಾಸನೆ ಬಂತು. ಮುಂಗಾಲು ಮಾತ್ರ ಇದ್ದರೆ ಒಬ್ಬರು ಸೋಫಾ ಎತ್ತಿ ಹಿಡಿದರೆ ಇನ್ನೊಬ್ಬರು ಎಳೆಯಬಹುದು. ಸೋಫಾವನ್ನು ಗೋಡೆಯಿಂದ ಆರು ಇಂಚು ಮುಂದೆ ತಂದಿದ್ದೇವೆ. ಗೋಡೆಗೆ ಒತ್ತಿಸಿದರೆ ಹಿಂದೆ ಬೂಷ್ಟು ಬಿಡುವುದಿಲ್ಲ.

ಬಾಡಿಗೆ ಮನೆ, ಸಣ್ಣ ಮಕ್ಕಳು, ವಾರ ವಾರ ಎತ್ತುವ ತಾಳ್ಮೆ ಇಲ್ಲ ಅನ್ನುವವರಿಗೆ ನಾನು ಪಾಲಿಪ್ರೊಪಿಲೀನ್ ತಗೊಳ್ಳಿ ಅನ್ನುತ್ತೇನೆ, ಸಂಕೋಚವಿಲ್ಲದೆ. ಮೂಡಿಗೆರೆಯ ನಮ್ಮ ನಾದಿನಿ ಮನೆಯಲ್ಲಿ ಮಳೆ ಇನ್ನೂ ಜೋರು, ಸುಟ್ಟ ಗುಂಡಿ ಇರುವ ನಮ್ಮದನ್ನೇ ಅವಳಿಗೆ ಕೊಟ್ಟೆವು, ಗುಂಡಿಯ ಮೇಲೆ ಹೂಕುಂಡ ಇಟ್ಟಿದ್ದಾಳೆ. ಉಣ್ಣೆಯದು ಈಗ ಅಮ್ಮನ ಮಂಚದ ಪಕ್ಕ. ಪುಡಿ ಉದುರುತ್ತದೆ, ದಿನಾ ಗುಡಿಸುತ್ತೇನೆ. ತೆಗೆಯೋಣ ಅಂದರೆ ಅಮ್ಮ ಒಪ್ಪುವುದಿಲ್ಲ.