ಹೊಸ ಪುಸ್ತಕ ಮಕ್ಕಳ ಕೈಗೆ ಸೇರಿಸಲು: ಪರಿಚಯವೋ, ಓದಿ ನಿಲ್ಲಿಸುವುದೋ, ಚೀಟಿಯೋ?

ಚಿತ್ರದುರ್ಗದಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳ ಜೊತೆ, 40 ನಿಮಿಷದ ಪಿರಿಯಡ್ಡಿನಲ್ಲಿ, ಈ ಮೂರೂ ದಾರಿಗಳನ್ನು ಮಾಡಿ ನೋಡಿದ ಮೇಲೆ ಬರೆದದ್ದು ಇದು. ಒಂದನ್ನೇ ಆರಿಸಿ ಎಂದರೆ ನಮ್ಮ ಆಯ್ಕೆ ಎರಡನೆಯದು: ಕೆಲವು ಪುಟ ಗಟ್ಟಿಯಾಗಿ ಓದಿ ಹೇಳಿ, ಕುತೂಹಲ ಏರಿದಲ್ಲಿ ನಿಲ್ಲಿಸುವುದು.

ಪರಿಚಯದ ಮಾತು ಬೇಗ ಮುಗಿಯುತ್ತದೆ. ಐದು ಪುಸ್ತಕ, ತಲಾ 3 ನಿಮಿಷ; ಉಳಿದ ಹೊತ್ತು ಮಕ್ಕಳು ಮುಟ್ಟಿ, ತಿರುವಿ ನೋಡಲಿ. ಸಾರಾಂಶ ಹೇಳಿದಿರೋ, ಕೆಟ್ಟಿತು. ಕಥೆ ಗೊತ್ತಾಯಿತಲ್ಲ, ಇನ್ನು ಓದುವುದೇಕೆ? ಒಂದು ಪ್ರಶ್ನೆ ಸಾಕು. ಎಂಟನೆಯವರಿಗೆ ತೇಜಸ್ವಿಯವರ ‘ಕರ್ವಾಲೋ’ ತೋರಿಸುವಾಗ ‘ಹಾರೋ ಓತಿಕ್ಯಾತ ಇರಬಹುದಾ?’ ಎಂದು ಕೇಳಿ ಸುಮ್ಮನಾಗಿ. ಬೇಲಿ ಮೇಲಿನ ಓತಿಕ್ಯಾತವನ್ನು ದಿನಾ ನೋಡುವ ಮಕ್ಕಳು ಅಲ್ಲೇ ವಾದಕ್ಕೆ ಇಳಿಯುತ್ತಾರೆ. ತೊಡಕು ಬರುವುದು ಪ್ರತಿ ಒಂದೇ ಇದ್ದಾಗ. 14 ದಿನದ ಗಡುವಿಟ್ಟರೆ ನಾಲ್ಕನೆಯವರ ಕೈಗೆ ಪುಸ್ತಕ ಸೇರುವುದು 42 ದಿನಕ್ಕೆ. ಅಷ್ಟರಲ್ಲಿ ಆಸೆ ಆರಿರುತ್ತದೆ. ಗಡುವು 7 ದಿನ ಇರಲಿ, ಸರದಿ ಪಟ್ಟಿ ರಟ್ಟಿನ ಒಳಬದಿಗೇ ಅಂಟಿರಲಿ.

ಓದಿ ನಿಲ್ಲಿಸುವುದಕ್ಕೆ ಸಿದ್ಧತೆ ಹೆಚ್ಚು ಬೇಕು. 15 ನಿಮಿಷಕ್ಕೆ ಆರೇಳು ಪುಟ. ಹಿಂದಿನ ದಿನವೇ ಗಟ್ಟಿಯಾಗಿ ಓದಿ, ನಿಲ್ಲಿಸುವ ಸಾಲಿಗೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಅಧ್ಯಾಯ ಮುಗಿದಲ್ಲಿ ನಿಲ್ಲಿಸಬೇಡಿ. ಬಾಗಿಲು ಬಡಿದ ಸದ್ದಾಯಿತು ಅನ್ನುವಲ್ಲಿ ನಿಲ್ಲಿಸಿ. ಮೊದಲ ಅಧ್ಯಾಯ ವರ್ಣನೆಯಲ್ಲೇ ಕಳೆಯುವ ಪುಸ್ತಕವಾದರೆ ಅದನ್ನು ಬಿಟ್ಟು ಮಾತುಕತೆ ಇರುವ ಪುಟದಿಂದ ಶುರುಮಾಡಿ. ತಡವರಿಸಿ ಓದುವ ಮಕ್ಕಳೂ ಪುಸ್ತಕ ಕೇಳಿ ಒಯ್ಯುವುದು ಈ ದಾರಿಯಲ್ಲಿ ಮಾತ್ರ, ಏಕೆಂದರೆ ಪಾತ್ರಗಳ ಹೆಸರು, ಊರು, ಮಾತಿನ ಧಾಟಿ ಆಗಲೇ ಕಿವಿಗೆ ಬಿದ್ದಿರುತ್ತವೆ. ಮೊದಲ ಪುಟಗಳ ಏರು ಅವರಿಗೆ ಅರ್ಧ ಇಳಿದಿರುತ್ತದೆ.

ದುರ್ಗದಲ್ಲಿ ಇನ್ನೊಂದು ತಪ್ಪು ಆಗುತ್ತಲೇ ಇರುತ್ತದೆ. ಒನಕೆ ಓಬವ್ವ ಮಕ್ಕಳಿಗೆಲ್ಲ ಗೊತ್ತು ಎಂದು ಏಳನೆಯವರ ಕೈಗೆ, ಈ ಕೋಟೆಯ ಪತನದ ಕಥೆ ಹೇಳುವ ತರಾಸು ಅವರ ಕಾದಂಬರಿ ‘ದುರ್ಗಾಸ್ತಮಾನ’ ಕೊಡುವುದು. 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ದೊಡ್ಡ ಕೃತಿ ಅದು, ಆದರೆ ದೊಡ್ಡವರಿಗೆ ಬರೆದ ಹೆಬ್ಬೊತ್ತಿಗೆ. ಕೋಟೆಗೆ ಕರೆದೊಯ್ಯುವ ಹಿಂದಿನ ದಿನ ಅದರ ಒಂದು ಸನ್ನಿವೇಶ ಓದಿ ಹೇಳಿ. ಮನೆಗೆ ಒಯ್ಯುವುದು ಹೈಸ್ಕೂಲಿನಲ್ಲಿ ಆಗಲಿ.

ಚೀಟಿಗೆ ಖರ್ಚೂ ಇಲ್ಲ, ಶ್ರಮವೂ ಇಲ್ಲ. ಪೋಸ್ಟ್‌ಕಾರ್ಡಿನಷ್ಟು ದಪ್ಪ ಕಾಗದ; ಓದಿ ಮುಗಿಸಿದವರು ‘ಯಾರಿಗೆ ಹಿಡಿಸುತ್ತೆ, ಎಷ್ಟನೇ ಪುಟದವರೆಗೆ ಬೇಜಾರು’ ಎಂದು ಎರಡೇ ಸಾಲು ಬರೆದು ಪುಸ್ತಕದಲ್ಲಿಡಬೇಕು. ಎಂಟನೆಯವರು ಮೇಷ್ಟ್ರ ಮಾತಿಗಿಂತ ಇದನ್ನೇ ನಂಬುತ್ತಾರೆ. ಆರನೆಯವರು ಮಾತ್ರ ಎಲ್ಲದಕ್ಕೂ ‘ತುಂಬಾ ಚೆನ್ನಾಗಿದೆ’ ಎಂದೇ ಬರೆಯುತ್ತಾರೆ. ಚೀಟಿಯ ಕಾಗುಣಿತ ತಿದ್ದಲು ಹೋಗಬೇಡಿ, ಮುಂದಿನ ವಾರದಿಂದ ಚೀಟಿ ಬರುವುದೇ ನಿಲ್ಲುತ್ತದೆ.