ಬದಿಯಡ್ಕದಲ್ಲಿ ಮನೆಮಂದಿಗೊಂದು ಕಚೇರಿ

ಬದಿಯಡ್ಕದಲ್ಲಿ ಮಕ್ಕಳನ್ನೂ ಹಿರಿಯರನ್ನೂ ಒಟ್ಟಿಗೆ ಕೂರಿಸಿ ನಡೆಸಿದ ಕರ್ನಾಟಕ ಸಂಗೀತ ಕಚೇರಿಗೆ ಏಳು ವರ್ಷದ ಮಗಳೊಂದಿಗೆ ಹೋಗಿದ್ದೆ. ಆದಿತಾಳದ 8 ಅಕ್ಷರಗಳನ್ನು ಗಾಯಕಿ ಒಂದು ಘಾತ (ಅಂಗೈಯ ತಟ್ಟು), ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಎರಡು ಬಾರಿ ಘಾತ ಮತ್ತು ಹುಸಿ (ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದು) ಎಂದು ಬಿಡಿಸಿ ತೋರಿಸಿದರು; ಉಂಗುರಬೆರಳಿನಲ್ಲಿ ತಡವರಿಸುತ್ತಿದ್ದ ಮಗಳ ಕೈ ತಾಳದ ಮೂರನೆಯ ಆವರ್ತದ (ಸುತ್ತಿನ) ಹೊತ್ತಿಗೆ ಹದಕ್ಕೆ ಬಂತು. ಆರಂಭದ ಪಾಠಗಳ ರಾಗವಾದ, 15ನೆಯ ಮೇಳ (ಮೂಲರಾಗ) ಮಾಯಾಮಾಳವಗೌಳದ ಸ್ವರಗಳನ್ನು ಮಕ್ಕಳಿಂದಲೇ ಹಾಡಿಸಿದ್ದು ಮೆಚ್ಚತಕ್ಕದ್ದು. ಮೃದಂಗದ ಎಡಮುಖಕ್ಕೆ ರವೆ ಮೆತ್ತುವುದನ್ನು ವಾದಕರು ವೇದಿಕೆಯ ಅಂಚಿಗೆ ಬಂದು ತೋರಿಸಿದಾಗಲಂತೂ (“ಸಜ್ಜಿಗೆಯ ರವೆಯೇ ಅಪ್ಪಾ?” ಎಂದಳು ಮಗಳು) ಯಾರೂ ಕದಲಲಿಲ್ಲ. ಆದರೆ ಬಳಿಕ, ಒಂದೇ ಸಾಲನ್ನು ಬಗೆಬಗೆಯಾಗಿ ವಿಸ್ತರಿಸುವ ಪಲ್ಲವಿಯನ್ನು ಮುಕ್ಕಾಲು ಗಂಟೆ ಬೆಳೆಸಿದ್ದು ಅತಿಯಾಯಿತು. ಧ್ವನಿವರ್ಧಕದ ಅಬ್ಬರದಲ್ಲಿ ತಂಬೂರಿ ಕೇಳಿಸಲೇ ಇಲ್ಲ. ಚಿಕ್ಕ ಮಕ್ಕಳಿರುವವರು ಬಾಗಿಲ ಬಳಿಯ ಸಾಲಿನಲ್ಲಿ ಕುಳಿತರೆ ನಡುವೆ ಎದ್ದುಹೋಗಲು ಅನುಕೂಲ.